ಬ್ರೌಸರ್ ಟ್ರಾಫಿಕ್, ಕುಕಿ ಹಿಡಿದು ಎಪಿಐ ಟೆಸ್ಟ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾನ್ಯುಯಲ್ ಟೆಸ್ಟಿಂಗ್‌ನಿಂದ ಎಪಿಐ (ಪ್ರೋಗ್ರಾಂಗಳು ಸರ್ವರ್ ಜೊತೆ ನೇರವಾಗಿ ಮಾತಾಡುವ ದಾರಿ) ಟೆಸ್ಟಿಂಗ್ ಕಡೆ ಬರುತ್ತಿರುವವರು ಕೇಳುವ ಪ್ರಶ್ನೆಗಳನ್ನು ಒಂದೇ ಕಡೆ ಇಟ್ಟಿದ್ದೇನೆ. ಹೆಚ್ಚಿನವರ ಕಷ್ಟ ಒಂದೇ ಥರ ಇರುತ್ತದೆ. ಎಪಿಐಗೆ ಡಾಕ್ಯುಮೆಂಟ್ ಇಲ್ಲ, ಇದ್ದರೂ ಹಳೆಯದು, ಬರೆದ ಡೆವಲಪರ್ ಬೇರೆ ಪ್ರಾಜೆಕ್ಟ್‌ಗೆ ಹೋಗಿಯಾಗಿದೆ, ಆದರೆ ವೆಬ್‌ಸೈಟ್ ಮಾತ್ರ ಓಡುತ್ತಿದೆ. ಅಂಥ ಕಡೆ ಬ್ರೌಸರ್ ಮತ್ತು ಸರ್ವರ್ ಏನು ಮಾತಾಡಿಕೊಳ್ಳುತ್ತಿವೆ ಅಂತ ನೋಡಿಯೇ ಕಲಿಯಬೇಕು. ಇಲ್ಲಿ ಹೇಳಿರುವ ಬಟನ್, ಟ್ಯಾಬ್‌ಗಳೆಲ್ಲ ಕ್ರೋಮ್‌ನವು. ಎಡ್ಜ್‌ನಲ್ಲೂ ಹೆಚ್ಚುಕಡಿಮೆ ಹಾಗೇ ಇವೆ.

ಎಲ್ಲಿಂದ ಶುರು ಮಾಡೋದು? ಬೇರೆ ಟೂಲ್ ಏನಾದ್ರೂ ಹಾಕಿಕೊಳ್ಳಬೇಕಾ?

ಏನೂ ಬೇಡ. ಎಫ್12 ಒತ್ತಿ, ಡೆವ್‌ಟೂಲ್ಸ್ ತೆರೆಯುತ್ತದೆ, ಅದರಲ್ಲಿ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ. ಡೆವ್‌ಟೂಲ್ಸ್ ತೆರೆಯುವ ಮೊದಲು ನಡೆದ ರಿಕ್ವೆಸ್ಟ್‌ಗಳು (ಬ್ರೌಸರ್ ಸರ್ವರ್‌ಗೆ ಕಳಿಸುವ ಕೋರಿಕೆಗಳು) ಅಲ್ಲಿ ಇರುವುದಿಲ್ಲ, ಹಾಗಾಗಿ ಮೊದಲು ಇದನ್ನು ತೆರೆದು ಆಮೇಲೆ ಪೇಜ್ ಲೋಡ್ ಮಾಡಿ.

ಇನ್‌ಕಾಗ್ನಿಟೋ ವಿಂಡೋದಲ್ಲಿ ಮಾಡುವುದು ಒಳ್ಳೆಯದು. ಹಳೆಯ ಕುಕಿ (ಸರ್ವರ್ ಬ್ರೌಸರ್‌ನಲ್ಲಿ ಇಡಿಸುವ ಚಿಕ್ಕ ಗುರುತು) ಯಾವುದೂ ಇರುವುದಿಲ್ಲ, ಎಕ್ಸ್‌ಟೆನ್ಶನ್‌ಗಳ ಗಲಾಟೆಯೂ ಇರುವುದಿಲ್ಲ, ಲಾಗಿನ್‌ನಲ್ಲಿ ಯಾವ ಕುಕಿ ಹೊಸದಾಗಿ ಬಂತು ಅಂತ ಸ್ಪಷ್ಟವಾಗಿ ಕಾಣುತ್ತದೆ.

ನೂರಾರು ಸಾಲು ಬರುತ್ತೆ. ನನಗೆ ಬೇಕಾದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಫಿಲ್ಟರ್ ಸಾಲಿನಲ್ಲಿ ‘ಫೆಚ್/ಎಕ್ಸ್‌ಎಚ್‌ಆರ್’ ಒತ್ತಿ. ಚಿತ್ರ, ಫಾಂಟ್, ಸಿಎಸ್‌ಎಸ್ ಎಲ್ಲ ಮಾಯವಾಗಿ ಪೇಜ್ ಒಳಗಿನ ಜಾವಾಸ್ಕ್ರಿಪ್ಟ್ ಕಳಿಸಿದ ರಿಕ್ವೆಸ್ಟ್‌ಗಳು ಮಾತ್ರ ಉಳಿಯುತ್ತವೆ. ಎಪಿಐ ಕಾಲ್‌ಗಳು ಹೆಚ್ಚಾಗಿ ಇಲ್ಲೇ ಇರುತ್ತವೆ.

ಆಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ. ಬೇಕಾದ ಬಟನ್ ಒತ್ತುವ ಮೊದಲು ಕ್ಲಿಯರ್ ಒತ್ತಿ ಪಟ್ಟಿ ಖಾಲಿ ಮಾಡಿ, ಆಮೇಲೆ ಒಂದೇ ಒಂದು ಕೆಲಸ ಮಾಡಿ, ಉದಾಹರಣೆಗೆ ‘ಕಾರ್ಟ್‌ಗೆ ಸೇರಿಸಿ’, ಅಷ್ಟೇ. ಈಗ ಪಟ್ಟಿಯಲ್ಲಿರುವ ನಾಲ್ಕೈದು ಸಾಲಿನಲ್ಲಿ ನಿಮಗೆ ಬೇಕಾದ್ದು ಇದ್ದೇ ಇರುತ್ತದೆ. ಯಾವ ಕೋಡ್ ಇದನ್ನು ಕಳಿಸಿತು ಅಂತ ತಿಳಿಯಬೇಕಾದರೆ ಇನಿಶಿಯೇಟರ್ ಕಾಲಂ ನೋಡಿ.

ಒಂದು ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಹೆಡರ್ಸ್ (ರಿಕ್ವೆಸ್ಟ್, ಉತ್ತರದ ಜೊತೆ ಹೋಗುವ ಮಾಹಿತಿ ಸಾಲುಗಳು), ಪೇಲೋಡ್ (ಕಳಿಸಿದ ಡೇಟಾ), ರೆಸ್ಪಾನ್ಸ್ (ಬಂದ ಉತ್ತರ), ಕುಕೀಸ್ ಅಂತ ಒಳಟ್ಯಾಬ್‌ಗಳು ಬರುತ್ತವೆ. ಪೇಲೋಡ್‌ನಲ್ಲಿ ‘ವ್ಯೂ ಸೋರ್ಸ್’ ಒತ್ತಿ ನೋಡಿ. ಜೇಸನ್ (ಡೇಟಾ ಬರೆಯುವ ಒಂದು ರೀತಿ) ಕಳಿಸುತ್ತಿದೆಯಾ, ಫಾರ್ಮ್ ಡೇಟಾ ಕಳಿಸುತ್ತಿದೆಯಾ ಅನ್ನುವುದು ಅಲ್ಲಿ ಖಚಿತವಾಗುತ್ತದೆ. ಅಂದವಾಗಿ ಜೋಡಿಸಿ ತೋರಿಸುವ ವ್ಯೂನಲ್ಲಿ ಈ ವ್ಯತ್ಯಾಸ ಕಣ್ತಪ್ಪುವುದು ಸುಲಭ.

ಲಾಗಿನ್ ಒತ್ತಿದ ತಕ್ಷಣ ಪಟ್ಟಿಯೇ ಖಾಲಿಯಾಗಿ ಹೊಸ ಪೇಜ್ ಬರುತ್ತೆ. ಲಾಗಿನ್ ರಿಕ್ವೆಸ್ಟ್ ಎಲ್ಲಿ ಹೋಯ್ತು?

‘ಪ್ರಿಸರ್ವ್ ಲಾಗ್’ ಟಿಕ್ ಮಾಡಿಲ್ಲ. ಪೇಜ್ ಬದಲಾದಾಗ ಡೆವ್‌ಟೂಲ್ಸ್ ಹಳೆಯ ಪಟ್ಟಿಯನ್ನು ಅಳಿಸುತ್ತದೆ, ಈ ಟಿಕ್ ಇದ್ದರೆ ಉಳಿಸಿಕೊಳ್ಳುತ್ತದೆ.

ಟಿಕ್ ಮಾಡಿ ಮತ್ತೆ ಲಾಗಿನ್ ಆಗಿ. ಹಳೆಯ ಮಾದರಿಯ ಸೈಟ್ ಆದರೆ ಒಂದು ಪೋಸ್ಟ್ (ಡೇಟಾ ಕಳಿಸುವ) ರಿಕ್ವೆಸ್ಟ್, ಅದಕ್ಕೆ 302 (ಬೇರೆ ಪೇಜ್‌ಗೆ ಹೋಗು) ಸ್ಟೇಟಸ್, ಆಮೇಲೆ ಮುಖಪುಟದ ಗೆಟ್ (ಡೇಟಾ ಕೇಳುವ) ರಿಕ್ವೆಸ್ಟ್ ಅಂತ ಸಾಲಾಗಿ ಕಾಣುತ್ತದೆ. ಆ 302 ರೆಸ್ಪಾನ್ಸ್‌ನ ಹೆಡರ್‌ಗಳಲ್ಲಿ ‘ಸೆಟ್-ಕುಕಿ’ ಅಂತ ಒಂದು ಸಾಲು ಇರುತ್ತದೆ. ನಿಮ್ಮ ಸೆಷನ್ (ಲಾಗಿನ್ ಆಗಿದ್ದೀರಿ ಅಂತ ಸರ್ವರ್ ನೆನಪಿಡುವ ಅವಧಿ) ಹುಟ್ಟಿದ್ದು ಅಲ್ಲೇ. ಮುಂದಿನ ರಿಕ್ವೆಸ್ಟ್‌ನ ಹೆಡರ್‌ನಲ್ಲಿ ಅದೇ ವ್ಯಾಲ್ಯೂ ‘ಕುಕಿ’ ಅನ್ನುವ ಹೆಸರಿನಲ್ಲಿ ವಾಪಸ್ ಹೋಗುವುದನ್ನು ಒಮ್ಮೆ ಕಣ್ಣಾರೆ ನೋಡಿ. ಇದು ಒಂದು ಸಲ ತಲೆಗೆ ಹತ್ತಿದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳುತ್ತೀರಿ. ಬ್ರೌಸರ್, ಸರ್ವರ್ ಮಾತಾಡುವ ಭಾಷೆಯಾದ ಎಚ್‌ಟಿಟಿಪಿಗೆ ನೆನಪಿನ ಶಕ್ತಿ ಇಲ್ಲ, ಪ್ರತಿ ರಿಕ್ವೆಸ್ಟ್ ಅದರ ಪಾಲಿಗೆ ಹೊಸದು. ಅದಕ್ಕೇ 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮೊಂಟುಲಿ ಕುಕಿ ಅನ್ನುವ ವ್ಯವಸ್ಥೆ ತಂದರು, ಇವತ್ತಿಗೂ ಅದೇ ನಡೆಯುತ್ತಿದೆ.

ಕನ್ಸೋಲ್‌ನಲ್ಲಿ ಡಾಕ್ಯುಮೆಂಟ್ ಡಾಟ್ ಕುಕಿ ಅಂತ ಹೊಡೆದರೆ ಸೆಷನ್ ಕುಕಿ ಬರೋದೇ ಇಲ್ಲ. ಯಾಕೆ?

ಅದಕ್ಕೆ ‘ಎಚ್‌ಟಿಟಿಪಿ-ಓನ್ಲಿ’ ಗುರುತು ಇದೆ, ಅದು ಇರುವುದೇ ಒಳ್ಳೆಯದು. ಪೇಜ್ ಒಳಗೆ ಯಾರಾದರೂ ಕೆಟ್ಟ ಸ್ಕ್ರಿಪ್ಟ್ ನುಗ್ಗಿಸಿದರೂ ಕುಕಿ ಓದಲು ಆಗಬಾರದು ಅಂತ ಮಾಡಿರುವ ಏರ್ಪಾಡು ಅದು. ನಿಮ್ಮ ಸೈಟ್‌ನ ಸೆಷನ್ ಕುಕಿ ಕನ್ಸೋಲ್‌ನಲ್ಲಿ ಸಿಕ್ಕರೆ ಅದನ್ನೇ ಬಗ್ ಅಂತ ಬರೆಯಿರಿ.

ನೀವು ನೋಡಬೇಕಾದ ಜಾಗ ಅಪ್ಲಿಕೇಶನ್ ಟ್ಯಾಬ್. ಅಲ್ಲಿ ಸ್ಟೋರೇಜ್ ಕೆಳಗೆ ಕುಕೀಸ್ ಅಂತ ಇದೆ. ಹೆಸರು, ವ್ಯಾಲ್ಯೂ, ಡೊಮೇನ್, ಪಾತ್, ಅವಧಿ, ಸೆಕ್ಯೂರ್, ಸೇಮ್‌ಸೈಟ್ ಎಲ್ಲ ಕಾಲಂಗಳಲ್ಲಿ ಸಿಗುತ್ತವೆ. ಅವಧಿ ಕಾಲಂನಲ್ಲಿ ‘ಸೆಷನ್’ ಅಂತ ಇದ್ದರೆ ಬ್ರೌಸರ್ ಪೂರ್ತಿ ಮುಚ್ಚಿದಾಗ ಅದು ಹೋಗಬೇಕು, ಆದರೆ ‘ಬಿಟ್ಟಲ್ಲಿಂದ ಮುಂದುವರಿಸು’ ಸೆಟ್ಟಿಂಗ್ ಹಾಕಿಕೊಂಡವರ ಕ್ರೋಮ್‌ನಲ್ಲಿ ಉಳಿದುಕೊಳ್ಳಬಹುದು.

ಒಂದೇ ಸೈಟ್‌ಗೆ ಹತ್ತಾರು ಕುಕಿ ಇವೆ. ಎಲ್ಲವನ್ನೂ ಕಳಿಸಬೇಕಾ?

ಬೇಡ. ಬಹಳಷ್ಟು ಅನಾಲಿಟಿಕ್ಸ್‌ನವು. ಅಂಡರ್‌ಸ್ಕೋರ್ ಜಿಎ ಅಂತ ಶುರುವಾಗುವುದು ಗೂಗಲ್ ಅನಾಲಿಟಿಕ್ಸ್‌ನದು, ನಿಮ್ಮ ಸರ್ವರ್‌ಗೆ ಅದರಿಂದ ಏನೂ ಆಗಬೇಕಿಲ್ಲ. ಬೇಕಾದ್ದು ಹೆಚ್ಚಾಗಿ ಒಂದೋ ಎರಡೋ ಇರುತ್ತವೆ. ಜಾವಾ ಸರ್ವರ್ ಆದರೆ ‘ಜೆಸೆಷನ್‌ಐಡಿ’, ಪಿಎಚ್‌ಪಿ ಆದರೆ ‘ಪಿಎಚ್‌ಪಿಸೆಸ್‌ಐಡಿ’, ಪೈಥಾನ್‌ನ ಜಾಂಗೋ ಆದರೆ ‘ಸೆಷನ್‌ಐಡಿ’ ಅನ್ನುವ ಹೆಸರುಗಳು ಸಾಮಾನ್ಯ.

ಖಚಿತ ಮಾಡಿಕೊಳ್ಳಲು ಸುಲಭ ದಾರಿ ಇದೆ: ರಿಕ್ವೆಸ್ಟ್ ಎಲ್ಲ ಕುಕಿಗಳೊಂದಿಗೆ ಓಡಿದ ಮೇಲೆ ಒಂದೊಂದೇ ತೆಗೆದು ಮತ್ತೆ ಕಳಿಸಿ. ಯಾವುದನ್ನು ತೆಗೆದಾಗ 401 (ಲಾಗಿನ್ ಇಲ್ಲ) ಬಂತೋ ಅಥವಾ ಲಾಗಿನ್ ಪೇಜ್‌ಗೆ ತಳ್ಳಿತೋ ಅದೇ ಮುಖ್ಯವಾದದ್ದು. ಈ ಕೆಲಸ ಬೇಸರ ಅನ್ನಿಸಿದರೂ ಮಾಡಿ. ಸರ್ವರ್ ನಿಜವಾಗಿ ಯಾವುದನ್ನು ನಂಬುತ್ತಿದೆ ಅಂತ ಇದರಿಂದ ಗೊತ್ತಾಗುತ್ತದೆ, ‘ರೋಲ್’, ‘ಯೂಸರ್‌ಐಡಿ’ ಅಂತ ಬರಿಗಣ್ಣಿಗೆ ಓದಲು ಬರುವ ಕುಕಿ ಇದ್ದು ಅದನ್ನು ಬದಲಿಸಿದಾಗ ಸರ್ವರ್ ಕೂಡ ಒಪ್ಪಿಕೊಂಡರೆ ದೊಡ್ಡ ಬಗ್ ಕೈಗೆ ಸಿಕ್ಕಿತು ಅಂತಲೇ ಅರ್ಥ.

ಹಿಡಿದ ರಿಕ್ವೆಸ್ಟನ್ನು ಪೋಸ್ಟ್‌ಮನ್‌ಗೆ (ಎಪಿಐ ರಿಕ್ವೆಸ್ಟ್ ಕಳಿಸಿ ನೋಡುವ ಟೂಲ್) ತರೋದು ಹೇಗೆ?

ನೆಟ್‌ವರ್ಕ್ ಪಟ್ಟಿಯಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಕಾಪಿ ಮೆನುವಿನಲ್ಲಿ ‘ಕಾಪಿ ಆ್ಯಸ್ ಕರ್ಲ್’ (ಕರ್ಲ್ ಅಂದರೆ ಕಮಾಂಡ್‌ನಿಂದ ರಿಕ್ವೆಸ್ಟ್ ಕಳಿಸುವ ಟೂಲ್) ಆಯ್ಕೆ ಮಾಡಿ, ಪೋಸ್ಟ್‌ಮನ್‌ನ ಇಂಪೋರ್ಟ್‌ನಲ್ಲಿ ಪೇಸ್ಟ್ ಮಾಡಿ. ಯುಆರ್‌ಎಲ್, ಹೆಡರ್, ಕುಕಿ, ಬಾಡಿ (ಪೇಲೋಡ್‌ನಲ್ಲಿ ಕಂಡ ಡೇಟಾ) ಎಲ್ಲ ಒಟ್ಟಿಗೆ ಬರುತ್ತವೆ. ವಿಂಡೋಸ್‌ನಲ್ಲಿ ಸಿಎಂಡಿಗೆ ಒಂದು, ಬ್ಯಾಶ್‌ಗೆ ಒಂದು ಅಂತ ಎರಡು ಬಗೆ ತೋರಿಸುತ್ತದೆ. ಪೋಸ್ಟ್‌ಮನ್‌ಗೆ ಬ್ಯಾಶ್ ಬಗೆಯದು ತೊಂದರೆ ಕೊಡುವುದಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಕಂಪನಿಯಾಗಿ ಶುರುವಾದ ಈ ಟೂಲ್ ನಮ್ಮ ಕಡೆಯ ಬಹುತೇಕ ಟೀಮ್‌ಗಳಲ್ಲಿ ಇದ್ದೇ ಇರುತ್ತದೆ, ಅದಕ್ಕೇ ಅದರ ಹೆಸರು ಹೇಳಿದೆ. ಬ್ರೂನೋ, ಇನ್‌ಸಾಮ್ನಿಯಾ ಬಳಸುವವರಿಗೂ ಕ್ರಮ ಇದೇ.

ಒಂದು ಎಚ್ಚರಿಕೆ. ಪೋಸ್ಟ್‌ಮನ್‌ಗೆ ತನ್ನದೇ ಕುಕಿ ಡಬ್ಬ ಇದೆ. ನೀವು ಹೆಡರ್‌ನಲ್ಲಿ ಕುಕಿ ಪೇಸ್ಟ್ ಮಾಡಿರುತ್ತೀರಿ, ಅದು ತಾನು ಉಳಿಸಿಕೊಂಡ ಕುಕಿಯನ್ನೂ ಸೇರಿಸಿ ಕಳಿಸುತ್ತದೆ. ಉತ್ತರ ವಿಚಿತ್ರವಾಗಿ ಬಂದರೆ ಮೊದಲು ಕುಕೀಸ್ ಲಿಂಕ್ ತೆರೆದು ಆ ಡೊಮೇನ್‌ನ ಕುಕಿಗಳನ್ನು ಅಳಿಸಿ. ‘ಲಾಗಿನ್ ಇಲ್ಲದವರಿಗೆ 401 ಬರಬೇಕು’ ಅನ್ನುವ ಟೆಸ್ಟ್‌ನಲ್ಲಂತೂ ಇದನ್ನು ಮರೆತರೆ 200 (ಎಲ್ಲ ಸರಿ) ಬಂದು ಸರ್ವರ್ ಮೇಲೆ ಸುಮ್ನೆ ಅನುಮಾನ ಪಡುತ್ತೀರಿ.

ಬ್ರೌಸರ್‌ನಲ್ಲಿ ಓಡುತ್ತೆ, ಅದೇ ರಿಕ್ವೆಸ್ಟ್ ಪೋಸ್ಟ್‌ಮನ್‌ನಲ್ಲಿ 403 (ಅನುಮತಿ ಇಲ್ಲ) ಕೊಡುತ್ತೆ. ಕುಕಿ ಸರಿಯಾಗಿಯೇ ಇದೆ.

ಗೆಟ್ ಓಡಿ ಪೋಸ್ಟ್ ಮಾತ್ರ ಬೀಳುತ್ತಿದ್ದರೆ ಸಿಎಸ್‌ಆರ್‌ಎಫ್ ಟೋಕನ್ ಕಡೆ ನೋಡಿ. ಕುಕಿ ಬ್ರೌಸರ್‌ನಿಂದ ತಾನಾಗಿಯೇ ಹೋಗುತ್ತದೆ ಅಲ್ವಾ, ಹಾಗಾಗಿ ಬೇರೆ ಸೈಟ್ ಒಂದು ನಿಮ್ಮ ಹೆಸರಿನಲ್ಲಿ ಫಾರ್ಮ್ ಕಳಿಸುವುದನ್ನು ತಡೆಯಲು ಸರ್ವರ್‌ಗಳು ಇನ್ನೊಂದು ಗುಟ್ಟಿನ ವ್ಯಾಲ್ಯೂವನ್ನು ಹೆಡರ್ ಅಥವಾ ಬಾಡಿಯಲ್ಲಿ ಕೇಳುತ್ತವೆ.

ಜಾಂಗೋದಲ್ಲಿ ‘ಸಿಎಸ್‌ಆರ್‌ಎಫ್‌ಟೋಕನ್’ ಕುಕಿಯ ವ್ಯಾಲ್ಯೂವನ್ನು ‘ಎಕ್ಸ್-ಸಿಎಸ್‌ಆರ್‌ಎಫ್‌ಟೋಕನ್’ ಹೆಡರ್‌ನಲ್ಲೂ ಕಳಿಸಬೇಕು. ಎಚ್‌ಟಿಟಿಪಿಎಸ್ ಆದರೆ ಅದು ಆರಿಜಿನ್ ಅಥವಾ ರೆಫರರ್ ಹೆಡರ್ ಕೂಡ ನೋಡುತ್ತದೆ. ಇವನ್ನು ಅನಗತ್ಯ ಅಂತ ಅಳಿಸಿದ್ದರೆ 403 ಬರುವುದು ಸಹಜ. ಪಿಎಚ್‌ಪಿಯ ಲಾರಾವೆಲ್ 403ರ ಬದಲು 419 ಕೊಡುತ್ತದೆ. ಅದರ ‘ಎಕ್ಸ್‌ಎಸ್‌ಆರ್‌ಎಫ್-ಟೋಕನ್’ ಕುಕಿಯಲ್ಲಿ ಕೊನೆಗೆ ಶೇಕಡಾ ಚಿಹ್ನೆಯೊಂದಿಗೆ 3ಡಿ ಅಂತ ಇರುವುದನ್ನು ನೋಡಿರಬಹುದು. ಅದು ಸಮ ಚಿಹ್ನೆಯ ಎನ್‌ಕೋಡ್ ಆದ ರೂಪ. ಹೆಡರ್‌ಗೆ ಹಾಕುವಾಗ ಡಿಕೋಡ್ ಮಾಡಿ ಸಮ ಚಿಹ್ನೆಯಾಗಿಯೇ ಹಾಕಬೇಕು. ಇಷ್ಟು ಚಿಕ್ಕ ವಿಷಯಕ್ಕೆ ಅರ್ಧ ದಿನ ಹೋಗುತ್ತದೆ.

ಗೆಟ್ ಕೂಡ 403 ಆಗುತ್ತಿದ್ದರೆ ಮುಂದೆ ಬಾಟ್ ತಡೆಯುವ ಗೋಡೆ ಇರಬಹುದು. ಅವು ಯೂಸರ್-ಏಜೆಂಟ್, ಐಪಿ, ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗುಪ್ತ) ಕನೆಕ್ಷನ್ ಶುರುವಾಗುವ ರೀತಿ ಎಲ್ಲವನ್ನೂ ನೋಡುತ್ತವೆ, ಕುಕಿ ಮಾತ್ರ ನಕಲು ಮಾಡಿದರೆ ಸಾಲುವುದಿಲ್ಲ. ಅದನ್ನು ತಪ್ಪಿಸಿಕೊಳ್ಳುವ ಉಪಾಯ ಹುಡುಕಬೇಡಿ. ನಿಮ್ಮದೇ ಕಂಪನಿಯ ಸೈಟ್ ತಾನೇ, ಸ್ಟೇಜಿಂಗ್‌ನಲ್ಲಿ (ಟೆಸ್ಟ್‌ಗೆ ಇಟ್ಟ ಸರ್ವರ್‌ನಲ್ಲಿ) ನಿಮ್ಮ ಐಪಿಗೆ ಬಿಡುವು ಕೊಡಿ ಅಂತ ಇನ್‌ಫ್ರಾ ಟೀಮ್‌ಗೆ ಕೇಳಿ.

ಇದರ ಉಲ್ಟಾ. ಪೋಸ್ಟ್‌ಮನ್‌ನಲ್ಲಿ ಓಡುತ್ತೆ, ಬ್ರೌಸರ್‌ನಲ್ಲಿ ಇಲ್ಲ.

ಕನ್ಸೋಲ್‌ನಲ್ಲಿ ಕೆಂಪು ಅಕ್ಷರದಲ್ಲಿ ಸಿಒಆರ್‌ಎಸ್ (ಒಂದು ಸೈಟ್‌ನ ಸ್ಕ್ರಿಪ್ಟ್ ಬೇರೆ ಸೈಟ್‌ನ ಉತ್ತರ ಓದಬಹುದಾ ಅನ್ನುವ ನಿಯಮ) ಅಂತ ಬಂದಿದ್ದರೆ, ಆ ನಿಯಮ ಪಾಲಿಸುವುದು ಬ್ರೌಸರ್ ಮಾತ್ರ. ಪೋಸ್ಟ್‌ಮನ್, ಕರ್ಲ್‌ಗೆ ಅದು ಸಂಬಂಧವೇ ಇಲ್ಲ.

ಇನ್ನೊಂದು ಕಾರಣ ಸೇಮ್‌ಸೈಟ್, ಅಂದರೆ ಬೇರೆ ಸೈಟ್‌ನಿಂದ ಹೋಗುವ ರಿಕ್ವೆಸ್ಟ್ ಜೊತೆ ಕುಕಿ ಹೋಗಬೇಕಾ ಅಂತ ಹೇಳುವ ಗುರುತು. 2020ರ ಕ್ರೋಮ್ 80ರಿಂದ, ಸೇಮ್‌ಸೈಟ್ ಏನೂ ಹೇಳದ ಕುಕಿಯನ್ನು ‘ಲ್ಯಾಕ್ಸ್’ ಅಂತಲೇ ನೋಡಲಾಗುತ್ತದೆ. ಬೇರೆ ಸೈಟ್‌ನಿಂದ ಹೋಗುವ ಫೆಚ್ ಜೊತೆ ಅದು ಹೋಗುವುದಿಲ್ಲ. ‘ನನ್’ ಅಂತ ಇಟ್ಟರೆ ಸೆಕ್ಯೂರ್ ಕೂಡ ಇರಲೇಬೇಕು. ಯಾವ ಕುಕಿ ಯಾಕೆ ಹೋಗಲಿಲ್ಲ ಅಂತ ತಿಳಿಯಲು ಆ ರಿಕ್ವೆಸ್ಟ್‌ನ ಕುಕೀಸ್ ಒಳಟ್ಯಾಬ್‌ನಲ್ಲಿ ತಡೆಹಿಡಿದ ಕುಕಿಗಳನ್ನೂ ತೋರಿಸು ಅನ್ನುವ ಟಿಕ್ ಇದೆ. ಹಾಕಿದರೆ ಹೋಗದ ಕುಕಿಗಳು ಬಣ್ಣದಲ್ಲಿ ಕಾಣುತ್ತವೆ, ಪಕ್ಕದ ಗುರುತಿನ ಮೇಲೆ ಮೌಸ್ ಇಟ್ಟರೆ ಕಾರಣವನ್ನೂ ಹೇಳುತ್ತದೆ. ಬಹಳ ಜನ ಈ ಟಿಕ್ ನೋಡಿಯೇ ಇರುವುದಿಲ್ಲ.

ನಮ್ಮ ಆ್ಯಪ್‌ನಲ್ಲಿ ಕುಕಿ ಇಲ್ಲ, ಬೇರರ್ ಟೋಕನ್ (ಹೆಡರ್‌ನಲ್ಲಿ ಕಳಿಸುವ ಗುರುತಿನ ಚೀಟಿ) ಇದೆ.

ಆಗ ‘ಆಥರೈಸೇಶನ್’ ಹೆಡರ್ ನೋಡಿ. ಟೋಕನ್ ಎರಡು ಚುಕ್ಕೆಗಳಿಂದ ಮೂರು ಭಾಗವಾಗಿದ್ದರೆ ಅದು ಹೆಚ್ಚಾಗಿ ಜೆಡಬ್ಲ್ಯುಟಿ, ಅಂದರೆ ಸಹಿ ಹಾಕಿದ ಜೇಸನ್ ಟೋಕನ್. ಮಧ್ಯದ ಭಾಗ ಬೇಸ್64-ಯುಆರ್‌ಎಲ್‌ನಲ್ಲಿ ಬರೆದದ್ದು ಅಷ್ಟೇ, ಗುಪ್ತ ಲಿಪಿ ಏನಲ್ಲ, ಯಾರು ಬೇಕಾದರೂ ಓದಬಹುದು. ಅದರೊಳಗಿನ ‘ಎಕ್ಸ್‌ಪಿ’ ಅನ್ನುವುದು ಅವಧಿ ಮುಗಿಯುವ ಸಮಯ, 1970ರಿಂದ ಎಣಿಸಿದ ಸೆಕೆಂಡ್‌ಗಳಲ್ಲಿ ಇರುತ್ತದೆ. ಜಾವಾಸ್ಕ್ರಿಪ್ಟ್ ಮಿಲಿಸೆಕೆಂಡ್ ಲೆಕ್ಕ ಹಾಕುತ್ತದೆ, ಹೋಲಿಸುವಾಗ ಸಾವಿರದಿಂದ ಗುಣಿಸಿ. ಟೋಕನ್ ಬಿಡಿಸಿ ತೋರಿಸುವ ವೆಬ್‌ಸೈಟ್‌ಗಳಿಗೆ ಪ್ರೊಡಕ್ಷನ್ (ಜನ ಬಳಸುವ ಸೈಟ್‌ನ) ಟೋಕನ್ ಪೇಸ್ಟ್ ಮಾಡಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲೇ ಪೈಥಾನ್‌ನಲ್ಲಿ ಎರಡು ಸಾಲಲ್ಲಿ ಮುಗಿಯುವ ಕೆಲಸ ಅದು.

ಹಿಡಿದಾಯ್ತು. ಮುಂದೆ ಏನು ಟೆಸ್ಟ್ ಮಾಡಬೇಕು?

ನಿಜವಾದ ಕೆಲಸ ಇಲ್ಲಿಂದ ಶುರು. ಸ್ಕ್ರೀನ್‌ನಲ್ಲಿ ಬಟನ್ ಒತ್ತಿದಾಗ ಹೋಗುವ ಅದೇ ರಿಕ್ವೆಸ್ಟನ್ನು ಮತ್ತೆ ಕಳಿಸಿ 200 ಬಂತು ಅಂತ ಬರೆದುಕೊಂಡರೆ ಏನೂ ಟೆಸ್ಟ್ ಮಾಡಿದ ಹಾಗಾಗಲಿಲ್ಲ. ಸ್ಕ್ರೀನ್ ಎಂದೂ ಕೇಳದ ಪ್ರಶ್ನೆಯನ್ನು ಸರ್ವರ್‌ಗೆ ಕೇಳಲು ಈಗ ನಿಮ್ಮ ಕೈಯಲ್ಲಿ ಸಾಧನ ಇದೆ, ಅದನ್ನು ಬಳಸಿ.

ನಾನು ಯಾವ ಸೈಟ್‌ನಲ್ಲೂ ಬಿಡದೆ ಮಾಡುವ ಟೆಸ್ಟ್ ಇದು. ಎರಡು ಟೆಸ್ಟ್ ಯೂಸರ್ ಇಟ್ಟುಕೊಳ್ಳಿ, ಒಬ್ಬರನ್ನು ಮಾಮೂಲಿ ವಿಂಡೋದಲ್ಲಿ, ಇನ್ನೊಬ್ಬರನ್ನು ಇನ್‌ಕಾಗ್ನಿಟೋದಲ್ಲಿ ಲಾಗಿನ್ ಮಾಡಿ. ಮೊದಲನೆಯವರು ತಮ್ಮ ಆರ್ಡರ್ ತೆರೆದಾಗ ಹೋಗುವ ರಿಕ್ವೆಸ್ಟ್ ಹಿಡಿಯಿರಿ. ಕುಕಿ ಮೊದಲನೆಯವರದ್ದೇ ಇರಲಿ, ಯುಆರ್‌ಎಲ್ ಕೊನೆಯ ಆರ್ಡರ್ ನಂಬರ್ ಮಾತ್ರ ಎರಡನೆಯವರದ್ದು ಹಾಕಿ ಕಳಿಸಿ. 403 ಅಥವಾ 404 (ಸಿಗಲಿಲ್ಲ) ಬರಬೇಕು. ಎರಡನೆಯವರ ವಿಳಾಸ, ಫೋನ್ ನಂಬರ್ ಸಮೇತ 200 ಬಂದರೆ, ವೆಬ್ ಸುರಕ್ಷತೆಯ ಸಂಸ್ಥೆ ಒವಾಸ್ಪ್ ತನ್ನ 2019 ಮತ್ತು 2023ರ ಎಪಿಐ ಸುರಕ್ಷತಾ ಪಟ್ಟಿಗಳೆರಡರಲ್ಲೂ ಮೊದಲ ಸ್ಥಾನ ಕೊಟ್ಟಿರುವ ದೋಷ ನಿಮ್ಮ ಸೈಟ್‌ನಲ್ಲಿದೆ. ಸ್ಕ್ರೀನ್ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ಇದು ಸಿಗುವುದಿಲ್ಲ, ಯಾಕೆಂದರೆ ಸ್ಕ್ರೀನ್ ಇನ್ನೊಬ್ಬರ ಆರ್ಡರ್ ನಂಬರನ್ನು ತೋರಿಸುವುದೇ ಇಲ್ಲ.

ಎರಡನೆಯದು ಲಾಗೌಟ್. ಕುಕಿ ಕಾಪಿ ಮಾಡಿಟ್ಟುಕೊಳ್ಳಿ, ಬ್ರೌಸರ್‌ನಲ್ಲಿ ಲಾಗೌಟ್ ಆಗಿ, ಆಮೇಲೆ ಹಳೆಯ ಕುಕಿಯಿಂದಲೇ ರಿಕ್ವೆಸ್ಟ್ ಕಳಿಸಿ. ಇನ್ನೂ ಡೇಟಾ ಬರುತ್ತಿದ್ದರೆ ಸರ್ವರ್ ಸೆಷನ್ ಮುಗಿಸಿಲ್ಲ, ಬ್ರೌಸರ್‌ನಲ್ಲಿ ಕುಕಿ ಅಳಿಸಿ ಕೈತೊಳೆದುಕೊಂಡಿದೆ. ಪಾಸ್‌ವರ್ಡ್ ಬದಲಿಸಿದ ಮೇಲೂ ಹೀಗೇ ನೋಡಿ. ಬೆಲೆ, ಸಂಖ್ಯೆ, ರಿಯಾಯಿತಿಯಂಥ ಅಂಕಿಗಳನ್ನು ಬಾಡಿಯಲ್ಲಿ ಬದಲಿಸಿ ಕಳಿಸುವುದನ್ನೂ ಬಿಡಬೇಡಿ.

ಬೆಳಗ್ಗೆ ಪಾಸಾದ ಟೆಸ್ಟ್‌ಗಳೆಲ್ಲ ಮಧ್ಯಾಹ್ನ ಫೇಲ್. ದಿನಾ ಕುಕಿ ಪೇಸ್ಟ್ ಮಾಡ್ತಾ ಇರಬೇಕಾ?

ಬ್ರೌಸರ್‌ನಿಂದ ಕಾಪಿ ಮಾಡಿದ ಕುಕಿ ಕಲಿಯುವುದಕ್ಕೆ. ಆಟೊಮೇಶನ್‌ಗೆ ಅಲ್ಲ. ಲಾಗಿನ್ ಹೇಗೆ ನಡೆಯುತ್ತದೆ ಅಂತ ಒಮ್ಮೆ ನೋಡಿದ ಮೇಲೆ ಆ ಲಾಗಿನ್ ರಿಕ್ವೆಸ್ಟನ್ನೇ ಟೆಸ್ಟ್‌ನ ಮೊದಲ ಹೆಜ್ಜೆಯಾಗಿ ಬರೆಯಿರಿ. ಪ್ರತಿ ಸಲ ಹೊಸ ಕುಕಿ ಬರುತ್ತದೆ.

ಕರ್ಲ್‌ನಲ್ಲಿ ಸಣ್ಣ ‘ಸಿ’ ಆಯ್ಕೆ ಬಂದ ಕುಕಿಗಳನ್ನು ಫೈಲ್‌ಗೆ ಬರೆಯುತ್ತದೆ, ಸಣ್ಣ ‘ಬಿ’ ಆ ಫೈಲ್ ಓದಿ ಕಳಿಸುತ್ತದೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಸೆಷನ್ ಆಬ್ಜೆಕ್ಟ್ ಮಾಡಿಕೊಂಡರೆ ಕುಕಿಯ ಉಸಾಬರಿಯೇ ಇಲ್ಲ. ಒಟಿಪಿ, ಸಿಂಗಲ್ ಸೈನ್-ಆನ್ ಎಲ್ಲ ಸೇರಿ ಲಾಗಿನ್ ಕಷ್ಟವಾಗಿದ್ದರೆ ಬ್ರೌಸರ್ ಓಡಿಸುವ ಟೂಲ್ ಪ್ಲೇರೈಟ್ ನೋಡಿ. ಅದು ನಿಜವಾದ ಬ್ರೌಸರ್‌ನಲ್ಲಿ ಲಾಗಿನ್ ಮಾಡಿ ಕುಕಿ ಮತ್ತು ಲೋಕಲ್ ಸ್ಟೋರೇಜ್ ಎರಡನ್ನೂ ‘ಸ್ಟೋರೇಜ್ ಸ್ಟೇಟ್’ ಅನ್ನುವ ಜೇಸನ್ ಫೈಲ್‌ಗೆ ಉಳಿಸುತ್ತದೆ, ಎಪಿಐ ಟೆಸ್ಟ್‌ಗಳು ಅದನ್ನೇ ಬಳಸಬಹುದು. ಆ ಫೈಲ್ ಗಿಟ್‌ಗೆ ಹೋಗದ ಹಾಗೆ ಗಿಟ್‌ಇಗ್ನೋರ್‌ಗೆ ಹಾಕಿ, ಇವತ್ತೇ.

ಕ್ರೋಮ್‌ನ ಕುಕಿ ಫೈಲ್ ಡಿಸ್ಕ್‌ನಲ್ಲೇ ಇದೆಯಲ್ಲ, ಸ್ಕ್ರಿಪ್ಟ್‌ನಿಂದ ಓದಬಾರದಾ?

ಮೊದಲು ಹಾಗೆ ಮಾಡುವ ಸ್ಕ್ರಿಪ್ಟ್‌ಗಳು ಓಡುತ್ತಿದ್ದವು. ಕುಕಿ ಕದಿಯುವ ಮಾಲ್‌ವೇರ್ ಕೂಡ ಅದೇ ದಾರಿ ಹಿಡಿಯುತ್ತಿದ್ದುದರಿಂದ ಗೂಗಲ್ ಬಿಗಿ ಮಾಡಿತು. 2024ರ ಕ್ರೋಮ್ 127ರಿಂದ ವಿಂಡೋಸ್‌ನಲ್ಲಿ ಕುಕಿಗಳನ್ನು ಬಿಡಿಸುವ ಕೀಲಿ ಕ್ರೋಮ್ ಆ್ಯಪ್‌ಗೇ ಕಟ್ಟಿಹಾಕಿದೆ. 2025ರ ಕ್ರೋಮ್ 136ರಿಂದ ನಿಮ್ಮ ಮಾಮೂಲಿ ಪ್ರೊಫೈಲ್ ಮೇಲೆ ರಿಮೋಟ್ ಡಿಬಗಿಂಗ್ ಪೋರ್ಟ್ (ಬೇರೆ ಪ್ರೋಗ್ರಾಂ ಬ್ರೌಸರನ್ನು ನಿಯಂತ್ರಿಸುವ ಬಾಗಿಲು) ಕೂಡ ತೆರೆಯುವುದಿಲ್ಲ, ಬೇರೆ ಪ್ರೊಫೈಲ್ ಫೋಲ್ಡರ್ ಕೊಡಬೇಕು. ಟೆಸ್ಟ್‌ಗೆ ಬೇರೆ ಪ್ರೊಫೈಲ್ ಇಟ್ಟುಕೊಳ್ಳುವುದು ಹೇಗೂ ಒಳ್ಳೆಯದು.

ಸಪೋರ್ಟ್‌ನವರು ಎಚ್‌ಎಆರ್ ಫೈಲ್ ಕಳಿಸಿ ಅಂತಾರೆ. ಕಳಿಸಬಹುದಾ?

ಕಳಿಸುವ ಮೊದಲು ಒಳಗೆ ಏನಿದೆ ಅಂತ ತಿಳಿದುಕೊಳ್ಳಿ. ಎಚ್‌ಎಆರ್ ಅಂದರೆ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕಂಡದ್ದೆಲ್ಲ ಒಂದೇ ಜೇಸನ್ ಫೈಲ್‌ನಲ್ಲಿ: ಯುಆರ್‌ಎಲ್, ಹೆಡರ್, ಕಳಿಸಿದ ಬಾಡಿ, ಬಂದ ಉತ್ತರ. ಅದರಲ್ಲಿ ಜೀವಂತ ಸೆಷನ್ ಕುಕಿ ಇದ್ದರೆ ಫೈಲ್ ಸಿಕ್ಕವರಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

2023ರಲ್ಲಿ ಲಾಗಿನ್ ಸೇವೆ ಕೊಡುವ ಓಕ್ಟಾ ಕಂಪನಿಯಲ್ಲಿ ಆದದ್ದು ಇದೇ. ಗ್ರಾಹಕರು ಸಪೋರ್ಟ್‌ಗೆ ಅಂತ ಏರಿಸಿದ್ದ ಎಚ್‌ಎಆರ್ ಫೈಲ್‌ಗಳು ಕಳ್ಳರ ಕೈಗೆ ಸಿಕ್ಕವು. 134 ಗ್ರಾಹಕರ ಫೈಲ್‌ಗಳನ್ನು ನೋಡಿದ್ದರು, ಅದರಲ್ಲಿದ್ದ ಟೋಕನ್‌ಗಳಿಂದ 5 ಗ್ರಾಹಕರ ಸೆಷನ್‌ಗಳೊಳಗೆ ನುಗ್ಗಿದರು. ಕ್ಲೌಡ್‌ಫ್ಲೇರ್, 1ಪಾಸ್‌ವರ್ಡ್, ಬಿಯಾಂಡ್‌ಟ್ರಸ್ಟ್ ತಮ್ಮಲ್ಲಿ ಏನಾಯಿತು ಅಂತ ಬಹಿರಂಗವಾಗಿ ಬರೆದವು. ಇಷ್ಟು ಸುರಕ್ಷತೆ ತಿಳಿದ ಕಂಪನಿಗಳಿಗೇ ಹೀಗಾದರೆ, ಟೀಮ್ ಚಾಟ್‌ನಲ್ಲಿ ಎಚ್‌ಎಆರ್ ಹಾಕುವಾಗ ನಾವು ಎಷ್ಟು ಎಚ್ಚರ ಇರಬೇಕು ಯೋಚಿಸಿ.

ಕ್ರೋಮ್ 130ರಿಂದ ಎಕ್ಸ್‌ಪೋರ್ಟ್ ಮಾಡಿದಾಗ ಕುಕಿ, ಸೆಟ್-ಕುಕಿ, ಆಥರೈಸೇಶನ್ ಹೆಡರ್‌ಗಳನ್ನು ತಾನಾಗಿಯೇ ತೆಗೆಯುತ್ತದೆ. ಬೇಕೇ ಬೇಕು ಅನ್ನುವವರು ಸೆಟ್ಟಿಂಗ್‌ನಲ್ಲಿ ಒಪ್ಪಿಗೆ ಕೊಡಬೇಕು. ಆದರೆ ಬಾಡಿಯಲ್ಲಿ ಹೋದ ಪಾಸ್‌ವರ್ಡ್, ಉತ್ತರದಲ್ಲಿ ಬಂದ ಟೋಕನ್, ಯುಆರ್‌ಎಲ್‌ನಲ್ಲಿರುವ ಕೀ ಇದರಿಂದ ಹೋಗುವುದಿಲ್ಲ. ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನಿಮ್ಮ ಪಾಸ್‌ವರ್ಡ್ ಹುಡುಕಿ ನೋಡಿ. ಕಳಿಸಿದ ಮೇಲೆ ಲಾಗೌಟ್ ಆಗಿ.

ಮೊಬೈಲ್ ಆ್ಯಪ್‌ನ ಟ್ರಾಫಿಕ್ ನೋಡಬೇಕು. ವೈರ್‌ಶಾರ್ಕ್ ಸಾಕಾ?

ನೆಟ್‌ವರ್ಕ್ ಪ್ಯಾಕೆಟ್ ಹಿಡಿಯುವ ವೈರ್‌ಶಾರ್ಕ್‌ನಲ್ಲಿ, ಕೀಗಳಿಲ್ಲದೆ ಎಚ್‌ಟಿಟಿಪಿಎಸ್ ಒಳಗಿನದು ಕಾಣುವುದಿಲ್ಲ. ಯಾವ ಸರ್ವರ್ ಜೊತೆ ಮಾತಾಡಿತು ಅನ್ನುವುದಷ್ಟೇ ಸಿಗುತ್ತದೆ. ಮಧ್ಯದಲ್ಲಿ ಕೂರುವ ಪ್ರಾಕ್ಸಿ ಬೇಕು: ಎಂಐಟಿಎಂ-ಪ್ರಾಕ್ಸಿ, ಚಾರ್ಲ್ಸ್, ಫಿಡ್ಲರ್, ಬರ್ಪ್ ಯಾವುದಾದರೂ ಆದೀತು. ಎಂಐಟಿಎಂ-ಪ್ರಾಕ್ಸಿ ಉಚಿತ, 8080 ಪೋರ್ಟ್‌ನಲ್ಲಿ ಕೇಳುತ್ತದೆ. ಫೋನ್‌ನ ವೈಫೈ ಸೆಟ್ಟಿಂಗ್‌ನಲ್ಲಿ ಕಂಪ್ಯೂಟರ್‌ನ ಐಪಿಯನ್ನು ಪ್ರಾಕ್ಸಿ ಅಂತ ಕೊಟ್ಟು ಅದರ ಸರ್ಟಿಫಿಕೇಟ್ ಹಾಕಿಕೊಳ್ಳಬೇಕು.

ಇಷ್ಟಾದರೂ ಆಂಡ್ರಾಯ್ಡ್‌ನಲ್ಲಿ ಬ್ರೌಸರ್ ಓಡಿ ಆ್ಯಪ್ ಮಾತ್ರ ‘ನೆಟ್‌ವರ್ಕ್ ಇಲ್ಲ’ ಅನ್ನಬಹುದು. ಆಂಡ್ರಾಯ್ಡ್ 7ರಿಂದ ಆ್ಯಪ್‌ಗಳು ಬಳಕೆದಾರರು ಹಾಕಿದ ಸರ್ಟಿಫಿಕೇಟನ್ನು ತಾವಾಗಿ ನಂಬುವುದಿಲ್ಲ. ನಿಮ್ಮದೇ ಆ್ಯಪ್ ಆದರೆ ಡಿಬಗ್ ಬಿಲ್ಡ್‌ನ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್‌ನಲ್ಲಿ ಅದಕ್ಕೆ ಅನುಮತಿ ಕೊಡಲು ಡೆವಲಪರ್‌ಗೆ ಹೇಳಿ. ಸರ್ಟಿಫಿಕೇಟ್ ಪಿನ್ನಿಂಗ್ (ಗೊತ್ತುಮಾಡಿದ ಸರ್ಟಿಫಿಕೇಟನ್ನು ಮಾತ್ರ ನಂಬುವುದು) ಇದ್ದರೆ ಅದನ್ನೂ ಡಿಬಗ್ ಬಿಲ್ಡ್‌ನಲ್ಲಿ ತೆಗೆಸಬೇಕು.

ವೆಬ್‌ಸಾಕೆಟ್ (ತೆರೆದೇ ಇರುವ ಎರಡು ಕಡೆಯ ಕನೆಕ್ಷನ್) ಟ್ರಾಫಿಕ್ ಕಾಣ್ತಾ ಇಲ್ಲ.

ಫಿಲ್ಟರ್ ಬದಲಿಸಿ ವೆಬ್‌ಸಾಕೆಟ್ ಆಯ್ಕೆ ಮಾಡಿ. ಒಂದೇ ಸಾಲು ಇರುತ್ತದೆ, ಸ್ಟೇಟಸ್ 101. ಅದರೊಳಗೆ ಮೆಸೇಜಸ್ ಟ್ಯಾಬ್‌ನಲ್ಲಿ ಹೋದದ್ದು ಬಂದದ್ದು ಎಲ್ಲ ಇದೆ.

ಬೇರೆಯವರ ಸೈಟ್ ಮೇಲೆ ಇದನ್ನೆಲ್ಲ ಮಾಡಬಹುದಾ?

ನಿಮ್ಮ ಬ್ರೌಸರ್‌ನಲ್ಲಿ ನಿಮ್ಮದೇ ರಿಕ್ವೆಸ್ಟ್ ನೋಡುವುದು ಒಂದು, ಆರ್ಡರ್ ನಂಬರ್ ಬದಲಿಸಿ ಇನ್ನೊಬ್ಬರ ಡೇಟಾ ತೆಗೆಯಲು ನೋಡುವುದು ಇನ್ನೊಂದು. ಅನುಮತಿ ಇಲ್ಲದೆ ಎರಡನೆಯದನ್ನು ಮಾಡಿದರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಅಡಿಯಲ್ಲಿ ಬರಬಹುದು, 66ರಲ್ಲಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ‘ಸುಮ್ನೆ ಕಲಿಯೋಕೆ ಮಾಡಿದೆ’ ಅನ್ನುವುದು ಉತ್ತರ ಆಗುವುದಿಲ್ಲ. ಬಗ್ ಬೌಂಟಿ (ಬಗ್ ಹುಡುಕಿದವರಿಗೆ ಬಹುಮಾನ) ಇರುವ ಕಂಪನಿಗಳು ಎಲ್ಲಿ ಏನು ಟೆಸ್ಟ್ ಮಾಡಬಹುದು ಅಂತ ಬರೆದಿರುತ್ತವೆ, ಆ ಗೆರೆ ದಾಟಬೇಡಿ. ಕಲಿಯಲು ಒವಾಸ್ಪ್‌ನ ಜ್ಯೂಸ್ ಶಾಪ್ ಇದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ, ತಪ್ಪುಗಳನ್ನು ಬೇಕೆಂದೇ ಇಟ್ಟು ಮಾಡಿದ ಅಂಗಡಿ ಅದು, ಮೇಲೆ ಹೇಳಿದ ಟೆಸ್ಟ್‌ಗಳನ್ನು ಅಲ್ಲಿ ಮನಸಾರೆ ಮಾಡಬಹುದು.

ಕೆಲಸ ಮುಗೀತು. ಪ್ರಾಕ್ಸಿ ಸರ್ಟಿಫಿಕೇಟ್ ಹಾಗೇ ಬಿಟ್ಟರೆ ಏನಾಗುತ್ತೆ?

ಬಿಡಬೇಡಿ. ಅದರ ಖಾಸಗಿ ಕೀ ನಿಮ್ಮ ಕಂಪ್ಯೂಟರ್‌ನ ಒಂದು ಫೋಲ್ಡರ್‌ನಲ್ಲಿ ಕೂತಿದೆ. ಆ ಕೀ ಕೈಗೆ ಸಿಕ್ಕವರು, ನಿಮ್ಮ ವೈಫೈ ಮಧ್ಯೆ ಕೂರಲು ಆದರೆ, ಬ್ಯಾಂಕಿನದ್ದೂ ಸೇರಿ ಬಹುತೇಕ ಸೈಟ್‌ಗಳ ಹೆಸರಿನಲ್ಲಿ ಸರ್ಟಿಫಿಕೇಟ್ ಮಾಡಬಹುದು, ನಿಮ್ಮ ಬ್ರೌಸರ್ ಅದನ್ನು ನಂಬುತ್ತದೆ. ಫೋನ್‌ನಿಂದ, ಕಂಪ್ಯೂಟರ್‌ನಿಂದ ಎರಡೂ ಕಡೆಯಿಂದ ತೆಗೆಯಿರಿ, ವೈಫೈನ ಪ್ರಾಕ್ಸಿ ಸೆಟ್ಟಿಂಗ್ ಮೊದಲಿನಂತೆ ಮಾಡಿ, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿರುವ ಎಚ್‌ಎಆರ್ ಫೈಲ್‌ಗಳನ್ನು ಅಳಿಸಿ, ಟೆಸ್ಟ್ ಯೂಸರ್‌ಗಳಿಂದ ಲಾಗೌಟ್ ಆಗಿ.